ಹೊಲಿಗೆಗೆ ಒತ್ತಿದ ಮುಷ್ಟಿ

“ಮೇಡಂ, ನಡುಗುವ ಕೈಯನ್ನು ಅಡಗಿಸುವುದು ಹೇಗೆ?”

ಕೇಳಿದವನು ಸೈನಿಕ ಅಕಾಡೆಮಿಯ ಕೊನೆಯ ವರ್ಷದ ಕೆಡೆಟ್, ಕಳಸದ ಎಂಬವನು. ಹಲ್ಲಿನ ಡಾಕ್ಟರ್ ಆಗಬೇಕೆಂದು ಬಯಸಿದವನು. ಕೇಳಿಸಿಕೊಂಡವರು ಕರ್ನಲ್ ಐರಿನ್ ಸಲ್ಡಾನ್ಹಾ. ಸೇನೆಯ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದ ವೈದ್ಯೆ. ವೈದ್ಯರಾಗಲು, ದಂತವೈದ್ಯರಾಗಲು ಬಯಸುವ ಕೆಡೆಟ್‌ಗಳಿಗೆ ಸಲಹೆ ಕೊಡುವುದು ಈಗ ಅವರ ಕೆಲಸ.

ಕರ್ನಲ್ ಬರೆಯುತ್ತಿದ್ದ ಪೆನ್ನನ್ನು ನಿಲ್ಲಿಸಲಿಲ್ಲ.

“ನಿನ್ನ ಕೈ ನಡುಗುತ್ತದೆಯೇ?”

“ಇಲ್ಲ, ಮೇಡಂ.”

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೊರಬಿದ್ದಿತ್ತು. ಮುಂದೆ ಎಂದಾದರೂ ಬೇಕಾಗಬಹುದು, ತಿಳಿದಿರಲಿ ಎಂದು ಕೇಳಿದೆ ಎಂದು ಅವನು ಸೇರಿಸಿದ. ಆಗಬಹುದು ಎಂದರು ಕರ್ನಲ್. ಅವನಿಗೆ ಕುಳಿತುಕೋ ಎನ್ನಲಿಲ್ಲ. ಅವನು ಬಂದಾಗ ಹೇಗೆ ನಿಂತಿದ್ದನೋ ಹಾಗೆಯೇ ನಿಂತಿದ್ದ. ಹಿಮ್ಮಡಿಗಳು ಕೂಡಿದ್ದವು, ಗದ್ದ ಮೇಲೆದ್ದಿತ್ತು, ಎರಡು ಮುಷ್ಟಿಗಳೂ ಪ್ಯಾಂಟಿನ ಪಕ್ಕದ ಹೊಲಿಗೆಗೆ ಒತ್ತಿದ್ದವು. ಅಕಾಡೆಮಿಯಲ್ಲಿ ಅದಕ್ಕೆ ಸಾವಧಾನ್ ಎನ್ನುತ್ತಾರೆ. ಹಿರಿಯರು ವಿಶ್ರಾಮ್ ಎನ್ನುವವರೆಗೆ ಹಾಗೆಯೇ ನಿಲ್ಲಬೇಕು.

ಅವನು ಹೇಳಿದ್ದು ಸುಳ್ಳು. ಹಿಂದಿನ ವಾರ ಕೆಡೆಟ್‌ಗಳನ್ನು ಊರಿನ ಆಸ್ಪತ್ರೆಗೆ ಕರೆದೊಯ್ದಿದ್ದರು. ಒಬ್ಬ ಮುದುಕನ ಹಲ್ಲು ಕೀಳುವಾಗ ಉಪಕರಣಗಳ ಟ್ರೇ ಹಿಡಿಯುವ ಕೆಲಸ ಕಳಸದನ ಪಾಲಿಗೆ ಬಂದಿತ್ತು. ಮುದುಕ ನರಳಿದ. ಬಟ್ಟಲಲ್ಲಿ ರಕ್ತ ಬಿತ್ತು. ಟ್ರೇಯ ಮೇಲಿನ ಇಕ್ಕಳ, ಕನ್ನಡಿ, ಕೊಕ್ಕೆಗಳೆಲ್ಲ ಒಂದಕ್ಕೊಂದು ತಾಗಿ ಸದ್ದು ಮಾಡತೊಡಗಿದವು. ಬೆವರಿಗೆ ಜಾರುತ್ತಿದೆ ಎಂದು ನೆಪ ಹೇಳಿ ಅವನು ಟ್ರೇಯನ್ನು ಮೇಜಿನ ಮೇಲಿಟ್ಟ. ಯಾರೂ ಗಮನಿಸಲಿಲ್ಲ ಎಂದುಕೊಂಡ. ಮರಳುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಕೆಡೆಟ್ ನಾಯಕವಾಡಿ ಅವನ ಕಿವಿಯ ಹತ್ತಿರ ಬಾಗಿ, “ಏನಲೇ ಡಾಕ್ಟರಾ, ಟ್ರೇದಾಗ ಭೂಕಂಪ ಆತೇನು?” ಎಂದು ಕೇಳಿ ನಕ್ಕಿದ್ದ.

ಅಂದಿನಿಂದ ಕಳಸದನಿಗೆ ನೆಮ್ಮದಿಯಿರಲಿಲ್ಲ. ಬೆಳಗ್ಗೆ ಹಲ್ಲುಜ್ಜುವಾಗ ಕೈ ನೋಡಿಕೊಳ್ಳುತ್ತಿದ್ದ. ಊಟದ ಮೇಜಿನಲ್ಲಿ ಲೋಟ ಎತ್ತುವ ಮುನ್ನ ಯಾರು ನೋಡುತ್ತಿದ್ದಾರೆಂದು ಸುತ್ತ ಕಣ್ಣಾಡಿಸುತ್ತಿದ್ದ. ರಕ್ತವಿಲ್ಲದ ಕಡೆಯಲ್ಲೂ ಬಲಗೈ ನಡುಗತೊಡಗಿತ್ತು. ರಕ್ತ ನೆನಪಾದರೆ ಸಾಕಿತ್ತು. ಈಚೆಗೆ ಕೈ ನಡುಗೀತೆಂದು ನೆನಪಾದರೂ ನಡುಗುತ್ತಿತ್ತು. ಸೋಮವಾರ ಆಯ್ಕೆ ಮಂಡಳಿ ಕೂಡುವುದಿತ್ತು. ವೈದ್ಯಕೀಯ, ದಂತವೈದ್ಯಕೀಯ ಕಾಲೇಜುಗಳಿಗೆ ಅಕಾಡೆಮಿ ಹೆಸರು ಕಳಿಸುವುದು ಒಮ್ಮೆ ಮಾತ್ರ. ಬಿಟ್ಟುಹೋದ ಹೆಸರಿಗೆ ಮತ್ತೆ ದಾರಿಯಿಲ್ಲ. ಮಂಡಳಿಯಲ್ಲಿ ಕರ್ನಲ್ ಸಲ್ಡಾನ್ಹಾ ಕೂರುತ್ತಾರೆ. ಅವರು ಬೇಡ ಎಂದ ಹೆಸರನ್ನು ಉಳಿದವರು ಎತ್ತುವುದಿಲ್ಲ. ಅವರ ಮುಂದೆ ಎದೆ ಕೂಡ ಹೆಜ್ಜೆ ತಪ್ಪದೆ ಬಡಿಯಬೇಕು ಎಂದು ಕೆಡೆಟ್‌ಗಳು ತಮಾಷೆ ಮಾಡುತ್ತಿದ್ದರು. ಉಗುರಿನಲ್ಲಿ ಮಣ್ಣು ಕಂಡರೆ ಅವರು ರಸಾಯನಶಾಸ್ತ್ರದ ಅಂಕ ಕೇಳುತ್ತಲೇ ಇರಲಿಲ್ಲ, ಬಾಗಿಲು ತೋರಿಸುತ್ತಿದ್ದರು.

ಅಂಥವರ ಎದುರು ನಿಂತು ಅವನು ಆ ಪ್ರಶ್ನೆ ಕೇಳಿದ್ದ. ಬೇರೆ ಯಾರನ್ನು ಕೇಳಬೇಕೆಂದು ಅವನಿಗೆ ತಿಳಿದಿರಲಿಲ್ಲ.

ಕರ್ನಲ್ ಪೆನ್ನು ಕೆಳಗಿಟ್ಟರು. ಒಂದು ಕತೆ ಹೇಳುತ್ತೇನೆ, ನಿಂತಲ್ಲೇ ಕೇಳು ಎಂದು ಹೇಳತೊಡಗಿದರು.

ಒಬ್ಬ ಕೆಡೆಟ್ ಇದ್ದ. ಅವನ ಕೈ ನಡುಗುತ್ತಿತ್ತು. ಅದನ್ನು ಅಡಗಿಸುವುದು ಹೇಗೆಂದು ತನ್ನ ಗುರುವನ್ನು ಕೇಳಿದ. ಗುರು ಹೇಳಿಕೊಟ್ಟ. ಮುಷ್ಟಿ ಬಿಗಿ ಮಾಡು, ಹೊಲಿಗೆಗೆ ಒತ್ತು, ದನಿಯನ್ನು ಗಟ್ಟಿ ಮಾಡು, ಎದುರಿನವನ ಹಣೆಯನ್ನು ನೋಡು. ಇಷ್ಟು ಮಾಡಿದರೆ ನಿನ್ನ ಭಯ ಯಾರಿಗೂ ಕಾಣುವುದಿಲ್ಲ. ಕೆಡೆಟ್ ಹಾಗೆಯೇ ಮಾಡಿದ. ಯಾರಿಗೂ ಕಾಣಲಿಲ್ಲ. ಕಾಲ ಕಳೆದಂತೆ ಅವನಿಗೂ ಕಾಣದಾಯಿತು. ಅವನು ಸೇನೆಯ ದಂತವೈದ್ಯನಾದ.

ಇಲ್ಲಿಗೆ ಕತೆ ಮುಗಿದಿದ್ದರೆ ಸಾಕು ಎಂದು ಕಳಸದನಿಗೆ ಅನಿಸಿತು. ಅವನಿಗೆ ಬೇಕಾದದ್ದು ಸಿಕ್ಕಿತ್ತು. ಅವನ ಮುಷ್ಟಿ ಹೊಲಿಗೆಯ ಮೇಲೆ ಇನ್ನಷ್ಟು ಬಿಗಿಯಾಯಿತು. ಕರ್ನಲ್ ಮುಂದುವರಿಸಿದರು.

ಆ ವೈದ್ಯನನ್ನು ಹಿಮದ ಗಡಿಯ ಕೆಳಗಿನ ಒಂದು ಶಿಬಿರಕ್ಕೆ ಕಳಿಸಿದರು. ಅಲ್ಲಿಂದ ಸೈನಿಕರು ಮೇಲಿನ ಕಾವಲು ಠಾಣೆಗೆ ಹತ್ತುತ್ತಿದ್ದರು. ಹತ್ತುವ ಮೊದಲು ಪ್ರತಿಯೊಬ್ಬನ ಬಾಯಿ ಪರೀಕ್ಷೆ ಆಗಬೇಕು ಎಂಬುದು ನಿಯಮ. ಬಯಲಿನಲ್ಲಿ ಸುಮ್ಮನಿದ್ದ ಹುಳುಕುಹಲ್ಲು ಚಳಿಯಲ್ಲಿ ಕೆರಳುತ್ತದೆ. ಒಮ್ಮೆ ಹಿಮ ಬಿದ್ದರೆ ದಾರಿ ಮುಚ್ಚುತ್ತದೆ. ಆಮೇಲೆ ಮೇಲಿದ್ದವನು ಮೇಲೆ, ಕೆಳಗಿದ್ದವನು ಕೆಳಗೆ.

ಬೇರೆ ದಂತವೈದ್ಯರು ಸೈನಿಕರನ್ನು ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಕೂರಿಸಿ ನೋಡುತ್ತಿದ್ದರು. ಈ ವೈದ್ಯನಿಗೆ ಅದು ಹಿಡಿಸಲಿಲ್ಲ. ಕುರ್ಚಿಯಲ್ಲಿ ಕೂತ ಕೂಡಲೇ ಗಂಡಸು ರೋಗಿಯಾಗುತ್ತಾನೆ, ಇಲ್ಲದ ನೋವೂ ನೆನಪಾಗುತ್ತದೆ ಎಂದು ಅವನು ನಂಬಿದ್ದ. ಆದ್ದರಿಂದ ಸೈನಿಕರನ್ನು ಮೈದಾನದಲ್ಲಿ ಸಾಲು ನಿಲ್ಲಿಸುತ್ತಿದ್ದ. ಸಾವಧಾನ್ ಎನ್ನುತ್ತಿದ್ದ. ಒಬ್ಬೊಬ್ಬನ ಮುಂದೆ ನಿಂತು ಬಾಯಿ ತೆರೆಸಿ, ನೋಡಿ, ಸಣ್ಣ ಕನ್ನಡಿಯ ಹಿಡಿಯಿಂದ ಹಲ್ಲನ್ನು ತಟ್ಟಿ, ನೋವಿದೆಯೇ ಎಂದು ಕೇಳುತ್ತಿದ್ದ. ಇಲ್ಲ ಎಂದರೆ ಮುಂದಿನವನು. ಎಲ್ಲ ಮುಗಿದ ಮೇಲೆ ವಿಶ್ರಾಮ್ ಎನ್ನುತ್ತಿದ್ದ. ಇಡೀ ತುಕಡಿಯ ಬಾಯಿ ಚಹಾದ ಹೊತ್ತಿಗೆ ಮುಗಿಯುತ್ತಿತ್ತು. ಮೇಲಧಿಕಾರಿಗಳು ಅವನನ್ನು ಮೆಚ್ಚಿದರು.

ಸೈನಿಕರು ಅವನಿಗೆ ಹೆದರುತ್ತಿದ್ದರು. ಆದರೆ ಅವನಿಗಿಂತಲೂ ಹೆಚ್ಚು ಹೆದರುತ್ತಿದ್ದದ್ದು ಹಿಂದೆ ಉಳಿಯುವುದಕ್ಕೆ. ಹಲ್ಲಿನ ಕಾರಣಕ್ಕೆ ಉಳಿದವನನ್ನು ಅಡುಗೆಮನೆಗೆ ಹಾಕುತ್ತಿದ್ದರು. ಜೊತೆಗಾರರು ಅವನಿಗೆ ಹಾಲುಹಲ್ಲಿನವನು ಎಂದು ಹೆಸರಿಟ್ಟು, ಠಾಣೆಯಿಂದ ಇಳಿದು ಬಂದ ಮೇಲೂ ಹಾಗೆಯೇ ಕರೆಯುತ್ತಿದ್ದರು. ಕೆಲವರಿಗೆ ಆ ಹೆಸರು ನಿವೃತ್ತಿಯವರೆಗೆ ಅಂಟಿಕೊಂಡಿತು.

ಸಾಲಿನಲ್ಲಿ ಒಬ್ಬ ಸೈನಿಕ ಇದ್ದ. ಅವನ ಕೆಳದವಡೆಯ ಕೊನೆಯ ಹಲ್ಲಿನಲ್ಲಿ ಕಪ್ಪು ಕುಳಿ ಇತ್ತು. ವೈದ್ಯ ಅದನ್ನು ಕಂಡ. ಹುಳುಕು ಬೇರಿಗೆ ತಲುಪಿರದಿದ್ದರೆ, ಮರಳಿ ಬಂದ ಮೇಲೆ ತುಂಬಿದರಾಯಿತು. ತಲುಪಿದ್ದರೆ ತಟ್ಟಿದಾಗ ನೋಯುತ್ತದೆ, ಈಗಲೇ ಕೀಳಬೇಕು, ಇವನು ಕೆಳಗೇ ಉಳಿಯಬೇಕು. ವೈದ್ಯ ಕನ್ನಡಿಯ ಹಿಡಿಯಿಂದ ಆ ಹಲ್ಲನ್ನು ತಟ್ಟಿದ.

ಸೈನಿಕನ ರೆಪ್ಪೆ ಅಲುಗಲಿಲ್ಲ. ಮುಖ ಕಲ್ಲಿನಂತಿತ್ತು. ಆದರೆ ಹೊಲಿಗೆಗೆ ಒತ್ತಿದ ಅವನ ಮುಷ್ಟಿ ಇನ್ನಷ್ಟು ಬಿಗಿಯಾಯಿತು. ಗೆಣ್ಣುಗಳು ಬಿಳಿಚಿದವು.

ಕೇಳುತ್ತಿದ್ದ ಕಳಸದ ತನ್ನ ಮುಷ್ಟಿಯನ್ನು ಸಡಿಲಿಸಲು ಯತ್ನಿಸಿದ. ಸಡಿಲಿಸಿದರೆ ಕೈ ನಡುಗುತ್ತದೆ ಎಂದು ತಿಳಿದು ಮತ್ತೆ ಬಿಗಿ ಮಾಡಿದ.

ವೈದ್ಯ ಆ ಮುಷ್ಟಿಯನ್ನು ನೋಡಿದ ಎಂದರು ಕರ್ನಲ್. ನೋಡಲಿಲ್ಲ ಎಂದುಕೊಳ್ಳಬೇಡ. ಅವನು ನೋಡಿದ, ಮತ್ತು ಗುರುತಿಸಿದ. ಅದು ಅವನದೇ ಮುಷ್ಟಿ. ತಾನೂ ಹೀಗೆಯೇ ಅಡಗಿಸಿ, ಹೀಗೆಯೇ ದಾಟಿ ಬಂದವನು. ಇವನು ನೋವು ನುಂಗಬಲ್ಲ ಸೈನಿಕ ಎಂದು ಅವನಿಗೆ ಗೌರವ ಮೂಡಿತು. ಅಂಥವನ ಮುಷ್ಟಿಯನ್ನು ಬಿಚ್ಚಿಸುವುದು ಆ ಸೈನಿಕನಿಗೆ ಮಾಡುವ ಅವಮಾನವೆಂದು ತೋರಿತು. ನೋವಿದೆಯೇ ಎಂದು ಕೇಳಿದ. ಇಲ್ಲ ಸಾಬ್ ಎಂದ ಸೈನಿಕ. ವೈದ್ಯ ಅವನನ್ನು ಮೇಲೆ ಹತ್ತಲು ಬಿಟ್ಟ.

ತುಕಡಿ ಹತ್ತಿತು. ಹಿಮ ಬಿತ್ತು. ದಾರಿ ಮುಚ್ಚಿತು.

ಕೆಲವು ದಿನಗಳ ಮೇಲೆ ಮೇಲಿನ ಠಾಣೆಯ ಶುಶ್ರೂಷಕ ರೇಡಿಯೋದಲ್ಲಿ ವೈದ್ಯನನ್ನು ಕರೆದ. ಒಬ್ಬ ಸೈನಿಕನ ಕೆನ್ನೆ ಊದಿದೆ ಎಂದ. ಯಾವ ಸೈನಿಕ ಎಂದು ಕೇಳುವ ಮೊದಲೇ ವೈದ್ಯನಿಗೆ ತಿಳಿಯಿತು. ಮಾತ್ರೆ ಹೇಳಿದ. ರೇಡಿಯೋವನ್ನು ಸೈನಿಕನಿಗೆ ಕೊಡಲು ಹೇಳಿ, ನೋವು ಹೆಚ್ಚೇ ಎಂದು ಕೇಳಿದ. ಇಲ್ಲ ಸಾಬ್ ಎಂಬ ಉತ್ತರ ಬಂತು. ಆ ದಿನ ಆಕಾಶ ತಿಳಿಯಾಗಿತ್ತು. ಹೆಲಿಕಾಪ್ಟರ್ ಕರೆಸಬಹುದಿತ್ತು. ಆದರೆ ರೋಗಿಯೇ ನೋವಿಲ್ಲ ಎನ್ನುವಾಗ, ಒಂದು ಹಲ್ಲಿಗಾಗಿ ಹೆಲಿಕಾಪ್ಟರ್ ಕೇಳುವುದು ಹೇಗೆ ಎಂದುಕೊಂಡ. ಮೇಲಧಿಕಾರಿಗಳು ನಕ್ಕಾರು ಎಂದೂ ಅನಿಸಿತು. ಕರೆಸಲಿಲ್ಲ.

ಮರುದಿನ ಬಾವು ಕೆನ್ನೆಯಿಂದ ದವಡೆಯ ಕೆಳಗೆ ಇಳಿದಿತ್ತು. ಎರಡೂ ಕಡೆ ಹಬ್ಬಿತ್ತು. ಮುಟ್ಟಿದರೆ ಮರದ ಹಲಗೆಯಂತೆ ಗಟ್ಟಿಯಾಗಿದೆ ಎಂದ ಶುಶ್ರೂಷಕ. ಅವನು ಎಂಜಲು ನುಂಗಲಾರ, ಅದು ತುಟಿಯಿಂದ ಸೋರುತ್ತಿದೆ ಎಂದ. ಮಲಗು ಎಂದರೆ ಮಲಗುವುದಿಲ್ಲ, ಮುಂದಕ್ಕೆ ಬಾಗಿ ಕುಳಿತೇ ಇದ್ದಾನೆ ಎಂದ.

ಇದೇನೆಂದು ವೈದ್ಯನಿಗೆ ತಿಳಿಯಿತು. ಅವನು ಓದಿದ್ದ. ಹಲ್ಲಿನ ಕೀವು ನಾಲಿಗೆಯ ಕೆಳಗೆ ಹಬ್ಬಿದರೆ ನಾಲಿಗೆ ಮೇಲಕ್ಕೂ ಹಿಂದಕ್ಕೂ ತಳ್ಳಲ್ಪಡುತ್ತದೆ. ಗಂಟಲು ಕಿರಿದಾಗುತ್ತದೆ. ಮಲಗಿದರೆ ಉಸಿರು ನಿಲ್ಲುತ್ತದೆ ಎಂದು ದೇಹಕ್ಕೇ ಗೊತ್ತಾಗಿ ಅದು ಮಲಗಲು ಒಪ್ಪುವುದಿಲ್ಲ. ಅವನು ಹೊರಗೆ ಬಂದು ನೋಡಿದ. ಬೆಟ್ಟದ ಮೇಲೆ ಮೋಡ ಕೂತಿತ್ತು. ಹೆಲಿಕಾಪ್ಟರ್ ಕೇಳಿದ. ಮೋಡ ಸರಿಯುವವರೆಗೆ ಏರಲಾಗದು ಎಂಬ ಉತ್ತರ ಬಂತು.

ಅವನು ರೇಡಿಯೋದ ಮುಂದೆ ಮರಳಿ ನಿಂತ. ಕೈ ನಡುಗತೊಡಗಿತ್ತು. ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಅಲ್ಲಿಂದಲೇ ಅದು ಎದ್ದು ಬಂದಿತ್ತು. ಪಕ್ಕದಲ್ಲಿ ರೇಡಿಯೋದವನು ಕುಳಿತಿದ್ದ. ವೈದ್ಯ ಮುಷ್ಟಿಯನ್ನು ಹೊಲಿಗೆಗೆ ಒತ್ತಿದ, ದನಿ ಗಟ್ಟಿ ಮಾಡಿದ, ಉಸಿರಾಡಲು ತೊಂದರೆ ಇದೆಯೇ ಎಂದು ಸೈನಿಕನನ್ನು ಕೇಳಿದ.

ಬಾಯಿಗೆ ಬಟ್ಟೆ ತುರುಕಿದವನ ದನಿಯಂಥ ದನಿ ಬಂತು. ಇಲ್ಲ ಸಾಬ್.

ವೈದ್ಯ ಶುಶ್ರೂಷಕನನ್ನು ಕರೆದು, ಅವನು ಏನು ಮಾಡುತ್ತಿದ್ದಾನೆ, ನೋಡಿ ಹೇಳು ಎಂದ. ಶುಶ್ರೂಷಕ ಹೇಳಲು ಹಿಂಜರಿದ. ಆಮೇಲೆ ಹೇಳಿದ.

“ಎದ್ದು ನಿಂತಿದ್ದಾನೆ ಸಾಬ್. ನಿಮ್ಮ ದನಿ ಕೇಳಿದಾಗಲೆಲ್ಲ ಎದ್ದು ಸಾವಧಾನ್ ನಿಲ್ಲುತ್ತಾನೆ. ಕೂರು ಎಂದರೆ ನನ್ನ ಮಾತು ಕೇಳುವುದಿಲ್ಲ.”

ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ಹೊರಗೆ ವಾಲಿಬಾಲ್ ಆಡುತ್ತಿದ್ದ ಕೆಡೆಟ್‌ಗಳ ಕೂಗು ಕೇಳುತ್ತಿತ್ತು. ಅವರಲ್ಲಿ ನಾಯಕವಾಡಿಯ ದನಿಯೂ ಇತ್ತು. ಕಳಸದನ ಕಾಲುಗಳು ಮರಗಟ್ಟಿದ್ದವು. ತನ್ನ ಗಂಟಲಲ್ಲಿ ಎಂಜಲು ಇಳಿಯುತ್ತದೆಯೋ ಇಲ್ಲವೋ ಎಂದು ಅವನು ನುಂಗಿ ನೋಡಿದ. ಇಳಿಯಿತು. ಆದರೂ ಭಯ ಹೋಗಲಿಲ್ಲ. ಕರ್ನಲ್ ಅವನ ಮುಖ ನೋಡದೆ ಹೇಳುತ್ತಾ ಹೋದರು.

ಶುಶ್ರೂಷಕನ ಮಾತು ಕೇಳಿ, ಶಿಬಿರದ ಮೈದಾನದಲ್ಲಿ ಸಾವಧಾನ್ ಎಂದು ತಾನೇ ಹೇಳಿದ್ದು ವೈದ್ಯನಿಗೆ ನೆನಪಾಯಿತು. ಸಾವಧಾನ್‌ನಲ್ಲಿ ನಿಂತ ಸೈನಿಕ ಅಧಿಕಾರಿಗೆ ಹೇಳಬಹುದಾದ ಉತ್ತರ ಒಂದೇ, ಇಲ್ಲ ಸಾಬ್. ಆ ಉತ್ತರವನ್ನು ಕಲಿಸುವುದಕ್ಕೆ ಸೇನೆ ವರ್ಷಗಟ್ಟಲೆ ದುಡಿಯುತ್ತದೆ. ಅವನು ಸೈನಿಕನನ್ನು ಹಾಗೆ ನಿಲ್ಲಿಸಿ ಪ್ರಶ್ನೆ ಕೇಳಿದ್ದ. ವಿಶ್ರಾಮ್ ಎಂದು ಹೇಳಿದ್ದು ಉತ್ತರ ಬಂದ ಮೇಲೆ.

ಅವನು ರೇಡಿಯೋಗೆ ಬಾಗಿ ವಿಶ್ರಾಮ್ ಎಂದ.

ಬೆಟ್ಟದ ಮೇಲಿಂದ ಸದ್ದು ಬಂತು, ಯಾರೋ ಕುಸಿದು ಕೂತ ಸದ್ದು. ಆಮೇಲೆ ಆ ಉಸಿರು ಕೇಳತೊಡಗಿತು. ಕಿರಿದಾದ ಸಂದಿಯಲ್ಲಿ ಗಾಳಿ ನುಗ್ಗುವಂಥ ಉಸಿರು. ಇಷ್ಟು ಹೊತ್ತೂ ಅದು ಹಾಗೆಯೇ ಇತ್ತು. ಸೈನಿಕ ಅದನ್ನು ಬಿಗಿಹಿಡಿದು ಮಾತಾಡಿದ್ದ. ಈಗ ಅವನು ಒಂದೊಂದೇ ಅಕ್ಷರವಾಗಿ ಹೇಳಿದ. ಭಯ ಆಗ್ತಿದೆ, ಸಾಬ್.

ವೈದ್ಯ ಮುಷ್ಟಿ ಬಿಚ್ಚಿದ. ರೇಡಿಯೋದವನು ನೋಡುತ್ತಿದ್ದಂತೆಯೇ ಅವನ ಕೈ ಮೇಜಿನ ಮೇಲೆ ನಡುಗಿತು. ನನಗೂ ಭಯವಾಗುತ್ತಿದೆ ಎಂದು ಅವನು ಸೈನಿಕನಿಗೆ ಹೇಳಿದ. ಆ ಮಾತನ್ನು ಅವನು ಅದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ಮುಂದಕ್ಕೆ ಬಾಗಿಯೇ ಕೂರು, ಮಲಗಬೇಡ, ಮೋಡ ಸರಿಯುತ್ತದೆ ಎಂದ. ಶುಶ್ರೂಷಕನಿಗೆ ತಿಳಿದದ್ದನ್ನೆಲ್ಲ ಮಾಡಿಸಿದ. ಉಸಿರು ಕೇಳುತ್ತಿರುವವರೆಗೆ ಅಲ್ಲಿಂದ ಕದಲಲಿಲ್ಲ.

ಮೋಡ ಸರಿಯಿತು. ಹೆಲಿಕಾಪ್ಟರ್ ಏರಿತು. ಸೈನಿಕ ಆ ವೇಳೆಗೆ ಕುಳಿತಲ್ಲೇ ಸತ್ತಿದ್ದ. ಒಂದು ಹಲ್ಲಿನಿಂದ ಸತ್ತ.

ವಿಚಾರಣೆ ನಡೆಯಿತು. ವೈದ್ಯ ಕೇಳಿದ್ದಾನೆ, ಸೈನಿಕ ಇಲ್ಲ ಎಂದಿದ್ದಾನೆ, ವೈದ್ಯನ ತಪ್ಪಿಲ್ಲ ಎಂದು ತೀರ್ಪಾಯಿತು. ವೈದ್ಯ ಅದನ್ನು ಸಾವಧಾನ್ ನಿಂತು ಕೇಳಿದ. ಹೇಳುವುದು ಏನಾದರೂ ಇದೆಯೇ ಎಂದು ಅಧ್ಯಕ್ಷರು ಕೇಳಿದರು. ಇಲ್ಲ ಸರ್ ಎಂದು ಅವನ ಬಾಯಿಂದ ಹೊರಟಿತು. ಬಾಗಿಲು ದಾಟಿ ಹೊರಗೆ ಬಂದ ಮೇಲೆ, ತಾನು ಏನು ಹೇಳಿದೆನೆಂದು ಅವನಿಗೆ ಕೇಳಿಸಿತು. ಅವನು ತಿರುಗಿ ಒಳಗೆ ಹೋಗಿ, ಆ ಮುಷ್ಟಿಯನ್ನು ನಾನು ನೋಡಿದ್ದೆ ಎಂದು ಹೇಳಿದ.

ಆಮೇಲೆ ಅವನನ್ನು ಬೇರೆ ಶಿಬಿರಕ್ಕೆ ಕಳಿಸಿದರು. ಅಲ್ಲಿ ಅವನು ಸಾಲು ನಿಲ್ಲಿಸಲಿಲ್ಲ. ಡೇರೆಯೊಳಗೆ ಒಂದು ಬೆಂಚು ಹಾಕಿಸಿದ. ಒಬ್ಬೊಬ್ಬನನ್ನೇ ಕರೆದು, ಮೊದಲು ವಿಶ್ರಾಮ್ ಎಂದು ಹೇಳಿ, ಟೋಪಿ ತೆಗೆಸಿ, ಬೆಲ್ಟ್ ಬಿಚ್ಚಿಸಿ, ಕೂರಿಸುತ್ತಿದ್ದ. ನೋವಿದೆಯೇ ಎಂದು ಮತ್ತೆ ಯಾರನ್ನೂ ಕೇಳಲಿಲ್ಲ. ಯಾವ ಹಲ್ಲು ಎಂದು ಕೇಳುತ್ತಿದ್ದ. ಹಾಗೆ ಕೇಳಿದಾಗ ಸೈನಿಕನಿಗೆ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಕೆಲವರು ಥಟ್ಟನೆ ಬೆರಳಿಟ್ಟು ತೋರಿಸುತ್ತಿದ್ದರು. ಕೆಲವರು ತಲೆ ತಗ್ಗಿಸುತ್ತಿದ್ದರು. ಅವನು ಕಾಯುತ್ತಿದ್ದ. ಚಹಾದ ಹೊತ್ತಿಗೆ ಕೆಲಸ ಮುಗಿಯುತ್ತಿರಲಿಲ್ಲ. ಮೇಲಧಿಕಾರಿಗಳು ಅವನನ್ನು ಮೆಚ್ಚುವುದನ್ನು ಬಿಟ್ಟರು.

ಕರ್ನಲ್ ಕತೆ ನಿಲ್ಲಿಸಿದರು. ಏನು ತಿಳಿಯಿತು ಎಂದು ಕೇಳಲಿಲ್ಲ. ಪೆನ್ನಿನ ಮುಚ್ಚಳವನ್ನು ಹುಡುಕಿ ಹಾಕಿದರು.

ಕಳಸದನ ತಲೆಯೊಳಗೆ ಆ ಉಸಿರಿನ ಸದ್ದು ಇನ್ನೂ ಇತ್ತು. ಅದನ್ನು ಹೊರಗೆ ಹಾಕಬೇಕಿತ್ತು. ಸೋಮವಾರ ಕಣ್ಣ ಮುಂದಿತ್ತು. ಮಂಡಳಿಯಲ್ಲಿ ಕೂರುವವರು ಈಗಲೇ ತನ್ನನ್ನು ಅಳೆಯುತ್ತಿದ್ದಾರೆ, ಈ ಕತೆಯೇ ಪರೀಕ್ಷೆ ಎಂದು ಅವನಿಗೆ ತೋರಿತು. ಏನಾದರೂ ಹೇಳಬೇಕು, ಗಟ್ಟಿಯಾಗಿ ಹೇಳಬೇಕು. ಅವನು ಕರ್ನಲ್ ಅವರ ಹಣೆಯನ್ನು ನೋಡಿದ. ದನಿ ಬಿಗಿ ಮಾಡಿದ.

“ತಪ್ಪು ಸೈನಿಕನದು, ಮೇಡಂ. ಅವನನ್ನು ಕೇಳಿದ್ದರು. ಕೇಳಿದಾಗ ಅವನು ಹೇಳಬೇಕಿತ್ತು.”

ಕರ್ನಲ್ ಸಲ್ಡಾನ್ಹಾ ತಲೆ ಎತ್ತಿದರು. ಅವರು ನೋಡಿದ್ದು ಅವನ ಮುಖವನ್ನಲ್ಲ. ಅವರ ಕಣ್ಣು ಹೊಲಿಗೆಗೆ ಒತ್ತಿದ ತನ್ನ ಮುಷ್ಟಿಯ ಮೇಲೆ ನಿಂತಿದೆಯೆಂದು ಕಳಸದನಿಗೆ ತಿಳಿಯಿತು. ತಾನು ಒಳಗೆ ಬಂದಾಗಲೇ ಅವರು ಅದನ್ನು ಕಂಡಿರಬೇಕು ಎಂದೂ ತಿಳಿಯಿತು. ಅವರು ಎದ್ದು, ತಮ್ಮ ಪಕ್ಕದ ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿ ಇಟ್ಟರು.

“ವಿಶ್ರಾಮ್,” ಎಂದರು. “ಈಗ ಹೇಳು ಕಳಸದ, ಯಾವ ಕೈ?”